ಫ್ರಿಜ್ ಬಾಗಿಲಿನ ಮೂರು ಚೀಟಿಗಳು: ಸಸ್ಯಾಹಾರದ ಸಲಹೆಗಳು ಹೊಡೆದಾಡುವುದೇಕೆ?

ಕಳೆದ ವರ್ಷ ನಮ್ಮ ಮನೆಯ ಫ್ರಿಜ್ ಬಾಗಿಲಿಗೆ ಮೂರು ಚೀಟಿಗಳು ಅಂಟಿಕೊಂಡಿದ್ದವು. ಅಮ್ಮನ ಸಕ್ಕರೆ ಕಾಯಿಲೆಗೆ ಔಷಧ ಬರೆಯುವ ವೈದ್ಯರಿಂದ ಬಂದ ಅಚ್ಚಾದ ಪಟ್ಟಿ ಒಂದು. ಅದರಲ್ಲಿ ಅನ್ನ ಕಡಿಮೆ, ರಾಗಿ ಮುದ್ದೆ ಧಾರಾಳ, ತೆಂಗಿನಕಾಯಿ ನಿಷಿದ್ಧ. ತಮ್ಮನ ಜಿಮ್ ತರಬೇತುದಾರ ಬರೆದುಕೊಟ್ಟದ್ದು ಇನ್ನೊಂದು. ದಿನಕ್ಕೆ ನೂರು ಗ್ರಾಂ ಪ್ರೋಟೀನ್ ಬೇಕೇ ಬೇಕು, ಮುದ್ದೆಯೂ ಅನ್ನವೂ ಒಂದೇ ಎಂಬುದು ಅದರ ಸಾರ. ಮೂರನೆಯದನ್ನು ಚಿಕ್ಕಮ್ಮ ವಾಟ್ಸ್‌ಆ್ಯಪ್‌ನಿಂದ ನೋಡಿ ತಮ್ಮ ದುಂಡು ಅಕ್ಷರದಲ್ಲಿ ನಕಲಿಸಿಕೊಟ್ಟಿದ್ದರು: ಬೆಳಿಗ್ಗೆ ಖಾಲಿ ಹೊಟ್ಟೆಗೆ ಎರಡು ದೊಡ್ಡ ಚಮಚ ಕೊಬ್ಬರಿ ಎಣ್ಣೆ, ಹಾಲು ಪೂರ್ತಿ ಬಂದ್, ವಿಟಮಿನ್ ಬಿ12 ಬೇಕಿದ್ದರೆ ತಂಗಳನ್ನ. ಮೂರನ್ನೂ ಒಟ್ಟಿಗೆ ಪಾಲಿಸಿದರೆ ತಿನ್ನಲು ಉಳಿಯುವುದು ಸೌತೆಕಾಯಿ ಒಂದೇ ಎಂದು ಅಮ್ಮ ನಗುತ್ತಿದ್ದರು.

ಅದೇ ದಿನಗಳಲ್ಲಿ ಅವರ ಪಾದಗಳಲ್ಲಿ ಜೋಮು ಹಿಡಿದಂತಾಗಿ ಸೂಜಿ ಚುಚ್ಚುವಂಥ ಜುಮುಗುಡಿಕೆ ಶುರುವಾಗಿತ್ತು. ಸಕ್ಕರೆ ಕಾಯಿಲೆ ಇದ್ದ ಮೇಲೆ ನರಗಳಿಗೆ ಇದು ಇದ್ದದ್ದೇ ಎಂದು ನಾವೆಲ್ಲ ಅಂದುಕೊಂಡು ತಿಂಗಳುಗಟ್ಟಲೆ ಕಳೆದೆವು. ಕೊನೆಗೆ ಬೇರೊಬ್ಬ ವೈದ್ಯರು ಕೇಳಿದ್ದು ಎರಡೇ ಪ್ರಶ್ನೆ: ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ ಎಷ್ಟು ವರ್ಷದಿಂದ ನುಂಗುತ್ತಿದ್ದೀರಿ, ಮೊಟ್ಟೆ ತಿನ್ನುತ್ತೀರಾ? ಹನ್ನೊಂದು ವರ್ಷ, ಇಲ್ಲ. ರಕ್ತ ಪರೀಕ್ಷೆಯಲ್ಲಿ ನರಗಳಿಗೆ ಬೇಕೇ ಬೇಕಾದ ಬಿ12ರ ಮಟ್ಟ ಮಿಲಿಲೀಟರಿಗೆ 146 ಪಿಕೋಗ್ರಾಂ ಬಂತು; ಸಾಮಾನ್ಯವಾಗಿ ಪ್ರಯೋಗಾಲಯಗಳು ಇಟ್ಟುಕೊಳ್ಳುವ ಕೆಳಮಿತಿ 200ರ ಆಸುಪಾಸು. ಫ್ರಿಜ್ ಬಾಗಿಲಿನ ಮೂರು ಚೀಟಿಗಳು ಮುದ್ದೆಯ ಬಗ್ಗೆ, ತೆಂಗಿನ ಬಗ್ಗೆ, ಹಾಲಿನ ಬಗ್ಗೆ ಪರಸ್ಪರ ಜಗಳವಾಡುತ್ತಿದ್ದವೇ ಹೊರತು ಅಮ್ಮನ ಕಾಲಿಗೆ ನಿಜವಾಗಿ ಬೇಕಾಗಿದ್ದುದನ್ನು ಒಂದೂ ಸರಿಯಾಗಿ ಹೇಳಿರಲಿಲ್ಲ. ಹೇಳಿದ್ದ ಒಂದು ಚೀಟಿಯೂ ತಂಗಳನ್ನದ ದಾರಿ ತೋರಿಸಿತ್ತು.

ಸಸ್ಯಾಹಾರದ ಕುರಿತ ಗೊಂದಲವನ್ನು ನಾನು ನೋಡುವುದು ಈ ಘಟನೆಯ ಮೂಲಕವೇ. ಸಂಶೋಧಕರಲ್ಲಿ ಒಮ್ಮತವಿರುವ ಸಂಗತಿಗಳು ಸುದ್ದಿಯಾಗುವುದಿಲ್ಲ, ಅವುಗಳ ಮೇಲೆ ಯಾರೂ ವಿಡಿಯೊ ಮಾಡುವುದಿಲ್ಲ. ನಮ್ಮ ಕಿವಿಗೆ ಬೀಳುವುದು ಭಿನ್ನಮತವಿರುವ ಸಂಗತಿಗಳು ಮಾತ್ರ. ಆ ಭಿನ್ನಮತದಲ್ಲಿಯೂ ಹೆಚ್ಚಿನ ಪಾಲು ಬೇರೆ ಬೇರೆ ಜನರಿಗೆ ಕೊಟ್ಟ ಬೇರೆ ಬೇರೆ ಉತ್ತರಗಳನ್ನು ನಾವು ಒಂದೇ ಪ್ರಶ್ನೆಯ ಉತ್ತರಗಳೆಂದು ಓದುವುದರಿಂದ ಹುಟ್ಟಿದ್ದು.

ಒಮ್ಮತವಿರುವ ಸಂಗತಿಯಿಂದಲೇ ಆರಂಭಿಸೋಣ. ಬಿ12 ಅನ್ನು ಗಿಡಗಳೂ ತಯಾರಿಸುವುದಿಲ್ಲ, ಪ್ರಾಣಿಗಳೂ ತಯಾರಿಸುವುದಿಲ್ಲ. ಅದನ್ನು ತಯಾರಿಸುವುದು ಕೆಲವು ಬಗೆಯ ಸೂಕ್ಷ್ಮಜೀವಿಗಳು. ಹಸುವಿನ ಹೊಟ್ಟೆಯಲ್ಲಿರುವ ಬ್ಯಾಕ್ಟೀರಿಯಾಗಳು ತಯಾರಿಸಿದ್ದು ಹಾಲಿಗೆ ಬರುತ್ತದೆ. ಹಾಲು, ಮೊಸರು ತಿನ್ನುವ ಸಸ್ಯಾಹಾರಿಗೆ ಅಷ್ಟಿಷ್ಟು ಸಿಗುತ್ತದೆ, ಎಲ್ಲವನ್ನೂ ಬಿಟ್ಟ ವೀಗನ್‌ಗೆ ಗುಳಿಗೆ ಅಥವಾ ಬಲವರ್ಧಿತ (ಪೋಷಕಾಂಶ ಬೆರೆಸಿದ) ಆಹಾರವಲ್ಲದೆ ಭರವಸೆಯ ಬೇರೆ ಮೂಲವಿಲ್ಲ. ಬ್ರಿಟನ್ನಿನಲ್ಲಿ 1944ರಲ್ಲಿ ಹುಟ್ಟಿ, ಪ್ರಾಣಿಜನ್ಯವಾದುದೆಲ್ಲವನ್ನೂ ಬಿಡಿ ಎಂದು ಪ್ರಚಾರ ಮಾಡುವ ವೀಗನ್ ಸೊಸೈಟಿಯೇ ಈ ಮಾತನ್ನು ಮುಚ್ಚುಮರೆಯಿಲ್ಲದೆ ಹೇಳುತ್ತದೆ. ನೀಲಿ–ಹಸಿರು ಪಾಚಿಯಾದ ಸ್ಪಿರುಲಿನಾದಲ್ಲಿ ಇದೆ ಎನ್ನಲಾಗುವುದು ಬಹುಪಾಲು ಬಿ12ನ್ನು ಹೋಲುವ, ಆದರೆ ಮನುಷ್ಯನ ದೇಹಕ್ಕೆ ಉಪಯೋಗಕ್ಕೆ ಬಾರದ ವಸ್ತು. ಇಡ್ಲಿ ಹಿಟ್ಟು, ತಂಗಳನ್ನ, ಗಂಜಿಗಳಲ್ಲಿ ಹುಳಿ ಬರಿಸುವ ಬ್ಯಾಕ್ಟೀರಿಯಾಗಳು ಬೇರೆ ಎಷ್ಟೋ ಒಳ್ಳೆಯ ಕೆಲಸ ಮಾಡುತ್ತವೆ, ಆದರೆ ಬಿ12ರ ವಿಷಯದಲ್ಲಿ ಅವನ್ನು ನೆಚ್ಚಿಕೊಂಡು ಕೂರುವಂತಿಲ್ಲ.

ಹಾಲು ಕುಡಿಯುವ ನಮ್ಮ ಮನೆಗಳಿಗೆ ಈ ಚಿಂತೆ ಇಲ್ಲ ಎಂದು ತಿಳಿಯುವುದೂ ತಪ್ಪು. ನೂರು ಮಿಲಿಲೀಟರ್ ಹಾಲಿನಲ್ಲಿ ಅರ್ಧ ಮೈಕ್ರೋಗ್ರಾಂಗಿಂತ ಕಡಿಮೆ ಬಿ12 ಇರುತ್ತದೆ. ವಯಸ್ಕರಿಗೆ ದಿನಕ್ಕೆ ಬೇಕಾದದ್ದು ಎರಡರಿಂದ ಎರಡೂವರೆ ಮೈಕ್ರೋಗ್ರಾಂ. ನಮ್ಮಲ್ಲಿ ಹಾಲು ಬೆಳಿಗ್ಗೆ ಒಮ್ಮೆ ಉಕ್ಕುತ್ತದೆ, ಮಧ್ಯಾಹ್ನ ಕೆಡದಿರಲೆಂದು ಇನ್ನೊಮ್ಮೆ ಕಾಯುತ್ತದೆ, ಸಂಜೆ ಕಾಫಿಗೆ ಮತ್ತೊಮ್ಮೆ ಒಲೆ ಏರುತ್ತದೆ, ಪ್ರತಿ ಸಲವೂ ಒಂದಿಷ್ಟು ಬಿ12 ಕರಗುತ್ತದೆ. ಅಮ್ಮನ ಪಾಲಿಗೆ ದಿನಕ್ಕೆ ಬರುತ್ತಿದ್ದುದು ಎರಡು ಲೋಟ ಕಾಫಿಯ ಹಾಲು ಮತ್ತು ಊಟದ ಕೊನೆಗೆ ನೀರು ಮಜ್ಜಿಗೆ. 2001ರಲ್ಲಿ ಪ್ರಕಟವಾದ, ಪುಣೆಯ 204 ವಯಸ್ಕರ ರಕ್ತ ಪರೀಕ್ಷಿಸಿದ ಅಧ್ಯಯನವೊಂದರಲ್ಲಿ ಸುಮಾರು ಶೇ 47ರಷ್ಟು ಮಂದಿಯಲ್ಲಿ ಬಿ12 ಕೊರತೆ ಕಂಡಿತ್ತು. ಹಾಲು ಮಜ್ಜಿಗೆಯ ನಾಡಿನಲ್ಲಿ ಇದು ಹೇಗೆ ಎಂದು ಕೇಳುವವರು ನಮ್ಮ ಕಾಫಿ ಲೋಟದ ಅಳತೆಯನ್ನು ಒಮ್ಮೆ ನೋಡಬೇಕು.

ಇದಕ್ಕೆ ಔಷಧಗಳ ಪಾಲೂ ಸೇರಿಕೊಳ್ಳುತ್ತದೆ. ಮೆಟ್‌ಫಾರ್ಮಿನ್ ಸಣ್ಣ ಕರುಳಿನ ಕೊನೆಯ ಭಾಗದಲ್ಲಿ ಬಿ12 ಹೀರಿಕೆಗೆ ಅಡ್ಡಿ ಮಾಡುತ್ತದೆ. ಜನ ‘ಗ್ಯಾಸ್ ಮಾತ್ರೆ’ ಎಂದು ವರ್ಷಗಟ್ಟಲೆ ನುಂಗುವ ಪ್ಯಾಂಟೊಪ್ರಜೋಲ್‌ನಂಥವು ಹೊಟ್ಟೆಯ ಆಮ್ಲವನ್ನು ತಗ್ಗಿಸುವುದರಿಂದ ಆಹಾರದಿಂದ ಬಿ12 ಬಿಡಿಸಿಕೊಳ್ಳುವ ಮೊದಲ ಹಂತವೇ ಸೊರಗುತ್ತದೆ. ಮೆಟ್‌ಫಾರ್ಮಿನ್ ನುಂಗುವವರಲ್ಲಿ ಬಿ12 ಇಳಿಯುವುದು ಸಾಮಾನ್ಯ ಅಡ್ಡಪರಿಣಾಮವೆಂದು ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2022ರಲ್ಲಿ ಎಚ್ಚರಿಸಿತು. ಸಸ್ಯಾಹಾರ, ಸಕ್ಕರೆ ಕಾಯಿಲೆ, ಗ್ಯಾಸ್ ಮಾತ್ರೆ ಈ ಮೂರೂ ಒಂದೇ ಮನುಷ್ಯನಲ್ಲಿ ಕೂಡಿಬರುವುದು ಮಧ್ಯಮ ವರ್ಗದ ನಮ್ಮ ಮನೆಗಳಲ್ಲಿ ಅಪರೂಪವೇನಲ್ಲ. ಇನ್ನೊಂದು ತೊಡಕೆಂದರೆ, ಸೊಪ್ಪು ಬೇಳೆ ಚೆನ್ನಾಗಿ ತಿನ್ನುವವರಿಗೆ ಫೋಲೇಟ್ ಎಂಬ ಇನ್ನೊಂದು ಬಿ ವಿಟಮಿನ್ ಸಾಕಷ್ಟು ಸಿಗುವುದರಿಂದ ಬಿ12 ಕೊರತೆಯ ರಕ್ತಹೀನತೆ ಎದ್ದು ಕಾಣದೆ ಹೋಗಬಹುದು. ಆಗ ಮೊದಲ ದೂರು ನರಗಳಿಂದಲೇ ಬರುತ್ತದೆ. ಯಕೃತ್ತಿನ ದಾಸ್ತಾನು ಕೆಲವು ವರ್ಷಗಳಿಗೆ ಸಾಕಾಗುವಷ್ಟಿರುತ್ತದೆ. ಆದ್ದರಿಂದ ‘ನಾನು ಹಾಲು ಬಿಟ್ಟು ಎರಡು ವರ್ಷವಾಯಿತು, ಏನೂ ಆಗಿಲ್ಲ’ ಎಂಬ ಸಾಕ್ಷ್ಯಕ್ಕೆ ಈ ವಿಷಯದಲ್ಲಿ ಬೆಲೆ ಇಲ್ಲ.

ಸರಿ, ಗುಳಿಗೆ ತೆಗೆದುಕೊಳ್ಳೋಣ ಎಂದು ಹೊರಟವರಿಗೂ ಮುಂದೆ ಇನ್ನೊಂದು ಗೊಂದಲ ಕಾದಿರುತ್ತದೆ. ಅದೇ ವೀಗನ್ ಸೊಸೈಟಿಯ ಸಲಹೆಯಲ್ಲಿ ಮೂರು ದಾರಿಗಳಿವೆ: ಬಲವರ್ಧಿತ ಆಹಾರವನ್ನು ದಿನದಲ್ಲಿ ಹಂಚಿ ತಿಂದರೆ ದಿನಕ್ಕೆ 3 ಮೈಕ್ರೋಗ್ರಾಂ ಸಾಕು, ದಿನಕ್ಕೊಂದು ಗುಳಿಗೆಯಾದರೆ 10 ಮೈಕ್ರೋಗ್ರಾಂ ಬೇಕು, ವಾರಕ್ಕೊಮ್ಮೆಯಾದರೆ 2000 ಮೈಕ್ರೋಗ್ರಾಂ ಬೇಕು. ದಿನಕ್ಕೆ ಹತ್ತರಂತೆ ವಾರಕ್ಕೆ ಎಪ್ಪತ್ತಾಗುವಾಗ ಎರಡು ಸಾವಿರ ಎಲ್ಲಿಂದ ಬಂತು? ಉತ್ತರ ದೇಹದ ಒಳಗಿನ ಬಾಗಿಲಲ್ಲಿದೆ. ಹೊಟ್ಟೆಯಲ್ಲಿ ಸ್ರವಿಸುವ ಇಂಟ್ರಿನ್ಸಿಕ್ ಫ್ಯಾಕ್ಟರ್ ಎಂಬ ಪ್ರೋಟೀನ್ ಬಿ12ರ ಕೈಹಿಡಿದು ಕರುಳಿನ ಕೊನೆಯವರೆಗೆ ಕರೆದೊಯ್ಯುತ್ತದೆ, ಆದರೆ ಒಂದು ಸಲಕ್ಕೆ ಒಂದೂವರೆ ಎರಡು ಮೈಕ್ರೋಗ್ರಾಂಗಿಂತ ಹೆಚ್ಚಿಗೆ ಅದಕ್ಕೆ ಹೊರಲಾಗದು. ಉಳಿದದ್ದರಲ್ಲಿ ಸುಮಾರು ನೂರಕ್ಕೆ ಒಂದು ಪಾಲು ಮಾತ್ರ ತಾನಾಗಿಯೇ ಜಿನುಗಿ ರಕ್ತ ಸೇರುತ್ತದೆ. ಕಡಿಮೆ ಪ್ರಮಾಣವನ್ನು ಪದೇ ಪದೇ ಕೊಡುವವರು ಮೊದಲ ಬಾಗಿಲನ್ನು ಬಳಸುತ್ತಾರೆ, ಅಪರೂಪಕ್ಕೆ ಬಹಳಷ್ಟು ಕೊಡುವವರು ಎರಡನೆಯದನ್ನು. ಒಬ್ಬ ವೈದ್ಯರು ಚಿಕ್ಕ ಗುಳಿಗೆ, ಇನ್ನೊಬ್ಬರು ‘ಸಾವಿರದ’ ಗುಳಿಗೆ ಬರೆದರೆ ಇಬ್ಬರಲ್ಲಿ ಒಬ್ಬರು ದಡ್ಡರು ಎಂದಲ್ಲ. ನನಗೆ ಇದು ಗೊತ್ತಾದ ದಿನ ಆಹಾರ ಸಲಹೆಗಳ ಮೇಲಿದ್ದ ಅರ್ಧ ಸಿಟ್ಟು ಇಳಿಯಿತು. ಈಗಾಗಲೇ ಕೊರತೆಗೆ ಬಿದ್ದು ನರದ ಲಕ್ಷಣ ಕಂಡವರ ಚಿಕಿತ್ಸೆ ಬೇರೆಯೇ ವಿಷಯ. ಅದನ್ನು ವೈದ್ಯರೇ ತೀರ್ಮಾನಿಸಬೇಕು, ಸಾಮಾನ್ಯವಾಗಿ ಚುಚ್ಚುಮದ್ದಿನಿಂದಲೇ ಶುರುವಾಗುತ್ತದೆ.

ಇನ್ನು ನಿಜವಾದ ಜಗಳಗಳಿಗೆ ಬರೋಣ. ಬ್ರಿಟನ್ನಿನಲ್ಲಿ ಎಪಿಕ್–ಆಕ್ಸ್‌ಫರ್ಡ್ ಎಂಬ ದೀರ್ಘಾವಧಿಯ ಅಧ್ಯಯನ ನಡೆಯುತ್ತಿದೆ. 48 ಸಾವಿರಕ್ಕೂ ಹೆಚ್ಚು ಜನರನ್ನು ಸುಮಾರು 18 ವರ್ಷ ಅನುಸರಿಸಿ 2019ರಲ್ಲಿ ಅದು ಪ್ರಕಟಿಸಿದ ವರದಿಯ ಪ್ರಕಾರ, ಮಾಂಸಾಹಾರಿಗಳಿಗೆ ಹೋಲಿಸಿದರೆ ಸಸ್ಯಾಹಾರಿಗಳಲ್ಲಿ ಹೃದಯದ ರಕ್ತನಾಳದ ಕಾಯಿಲೆಯ ಅಪಾಯ ಶೇ 22ರಷ್ಟು ಕಡಿಮೆ, ಪಾರ್ಶ್ವವಾಯುವಿನ ಅಪಾಯ ಶೇ 20ರಷ್ಟು ಹೆಚ್ಚು. ಒಂದೇ ವರದಿಯ ಒಂದೊಂದು ಅರ್ಧವನ್ನು ಹಿಡಿದುಕೊಂಡು ಎರಡು ವಿರುದ್ಧ ಶೀರ್ಷಿಕೆಗಳನ್ನು ಬರೆಯಬಹುದು, ಬರೆದದ್ದೂ ಹಾಗೆಯೇ. ಶೇಕಡಾವಾರನ್ನು ಬಿಟ್ಟು ತಲೆ ಎಣಿಸಿದರೆ ಚಿತ್ರ ತಿಳಿಯಾಗುತ್ತದೆ: ಹತ್ತು ವರ್ಷಗಳಲ್ಲಿ ಪ್ರತಿ ಸಾವಿರ ಜನರಿಗೆ ಹೃದಯದ ಕಾಯಿಲೆ ಸುಮಾರು ಹತ್ತು ಕಡಿಮೆ, ಪಾರ್ಶ್ವವಾಯು ಸುಮಾರು ಮೂರು ಹೆಚ್ಚು. ಮರುವರ್ಷ ಅದೇ ತಂಡದ ಇನ್ನೊಂದು ವರದಿ ವೀಗನ್‌ಗಳಲ್ಲಿ ಮೂಳೆ ಮುರಿತ ಒಟ್ಟಾರೆ ಶೇ 43ರಷ್ಟು ಹೆಚ್ಚು, ಸೊಂಟದ ಮುರಿತ ಎರಡು ಪಟ್ಟಿಗಿಂತ ಹೆಚ್ಚು ಎಂದಿತು. ಅವರ ದೇಹತೂಕ, ಕ್ಯಾಲ್ಸಿಯಂ ಮತ್ತು ಪ್ರೋಟೀನ್ ಕಡಿಮೆ ಇದ್ದುದನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಈ ಅಂತರ ತಗ್ಗಿತಾದರೂ ಪೂರ್ತಿ ಹೋಗಲಿಲ್ಲ.

ಆದರೆ ಅಲ್ಲಿನ ‘ಸಸ್ಯಾಹಾರಿ’ ಯಾರು? ಮಾಂಸದ ಮನೆಯಲ್ಲಿ ಹುಟ್ಟಿ, ಯೋಚಿಸಿ ಅದನ್ನು ಬಿಟ್ಟು, ಆ ಜಾಗಕ್ಕೆ ಕಾಳು, ಇಡೀ ಧಾನ್ಯ, ತರಕಾರಿ ತಂದುಕೊಂಡ ಬ್ರಿಟನ್ನಿನ ನಿವಾಸಿ. ನಮ್ಮಲ್ಲಿ ಸಸ್ಯಾಹಾರಿ ಎಂದರೆ ಹುಟ್ಟಿನಿಂದ ಮಾಂಸ ಕಾಣದ, ಯಾವುದನ್ನೂ ಯಾವುದರ ಬದಲಿಗೂ ಆಯ್ದುಕೊಳ್ಳದ ಮನುಷ್ಯ. ಅವನ ತಟ್ಟೆಯಲ್ಲಿ ಬಿಳಿ ಅನ್ನದ ಗುಡ್ಡ, ತಿಳಿಸಾರು, ಎರಡು ಚಮಚ ಪಲ್ಯ, ಹಪ್ಪಳ, ಹಬ್ಬವಾದರೆ ಹೋಳಿಗೆ. ಎರಡಕ್ಕೂ ಒಂದೇ ಹೆಸರಿರುವುದರಿಂದ ಅಲ್ಲಿನ ಫಲಿತಾಂಶ ಇಲ್ಲಿಗೆ ಒಪ್ಪುತ್ತದೆ ಎಂದುಕೊಂಡರೆ, ಸಸ್ಯಾಹಾರ ಹೃದಯಕ್ಕೆ ಒಳ್ಳೆಯದೆಂಬ ಮಾತು ಮತ್ತು ನಮ್ಮ ಬೀದಿಯ ಸಸ್ಯಾಹಾರಿಗಳಲ್ಲಿ ಕಾಣುವ ಹೊಟ್ಟೆ, ಸಕ್ಕರೆ, ಸ್ಟೆಂಟ್‌ಗಳು ತಾಳೆಯಾಗುವುದಿಲ್ಲ. ಮಾಂಸ ಇಲ್ಲದಿರುವುದು ತಾನಾಗಿ ಏನನ್ನೂ ಕೊಡುವುದಿಲ್ಲ, ಆ ಜಾಗದಲ್ಲಿ ಬಂದು ಕೂತದ್ದು ಏನೋ ಅದರ ಗುಣವೇ ಬರುತ್ತದೆ.

‘ಯಾವುದರ ಬದಲಿಗೆ’ ಎಂಬ ಈ ಪ್ರಶ್ನೆಯನ್ನು ತೆಂಗಿನೆಣ್ಣೆಯ ಜಗಳಕ್ಕೆ ಹಚ್ಚಿ ನೋಡಬಹುದು. ಅದರ ಕೊಬ್ಬಿನಲ್ಲಿ ಶೇ 80ಕ್ಕೂ ಹೆಚ್ಚು ಸ್ಯಾಚುರೇಟೆಡ್ ಬಗೆಯದು, ಎಂದರೆ ರಕ್ತದ ಕೊಲೆಸ್ಟರಾಲ್ ಏರಿಸುವ ಬಗೆಯದು. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2017ರಲ್ಲಿ ಅದನ್ನು ಬಳಸದಿರುವುದು ಒಳಿತು ಎಂದಾಗ ಕರಾವಳಿಯಲ್ಲಿ ಸಾಕಷ್ಟು ಜನ ಅದನ್ನು ವೈಯಕ್ತಿಕ ಅವಮಾನವೆಂಬಂತೆ ತೆಗೆದುಕೊಂಡರು. ಮರುವರ್ಷ ಬ್ರಿಟನ್ನಿನಲ್ಲಿ ನಡೆದ ಪ್ರಯೋಗವೊಂದರಲ್ಲಿ ಜನರಿಗೆ ನಾಲ್ಕು ವಾರ ದಿನಕ್ಕೆ 50 ಗ್ರಾಂನಂತೆ ಬೆಣ್ಣೆ, ಆಲಿವ್ ಎಣ್ಣೆ ಅಥವಾ ತೆಂಗಿನೆಣ್ಣೆ ಕೊಡಲಾಯಿತು. ಕೆಟ್ಟ ಕೊಲೆಸ್ಟರಾಲ್ ಎನ್ನುವ ಎಲ್‌ಡಿಎಲ್ ಬೆಣ್ಣೆ ತಿಂದವರಲ್ಲಿ ಏರಿತು, ತೆಂಗಿನೆಣ್ಣೆಯವರಲ್ಲಿ ಏರಲಿಲ್ಲ. ಚಿಕ್ಕಮ್ಮನ ಚೀಟಿಯ ಮೂಲ ಇಂಥದ್ದೇ ಯಾವುದೋ ಸುದ್ದಿ ಇರಬೇಕು. 2020ರಲ್ಲಿ 16 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸೂರ್ಯಕಾಂತಿ, ಸೋಯಾ, ಆಲಿವ್‌ನಂಥ ಎಣ್ಣೆಗಳಿಗೆ ಹೋಲಿಸಿದರೆ ತೆಂಗಿನೆಣ್ಣೆ ಎಲ್‌ಡಿಎಲ್ ಅನ್ನು ಡೆಸಿಲೀಟರಿಗೆ ಸುಮಾರು 10 ಮಿಲಿಗ್ರಾಂನಷ್ಟು ಏರಿಸುತ್ತದೆ ಎಂದು ಕಂಡಿತು. ಹೀಗಿರುವಾಗ ಬೆಣ್ಣೆ ಬಿಟ್ಟು ತೆಂಗಿನೆಣ್ಣೆಗೆ ಬಂದವನಿಗೆ ನಷ್ಟವಿಲ್ಲದಿರಬಹುದು, ಶೇಂಗಾ ಎಣ್ಣೆ ಬಿಟ್ಟು ಬಂದವನಿಗೆ ನಷ್ಟವಿದೆ, ಇರುವ ಊಟದ ಮೇಲೆ ಬೆಳಿಗ್ಗೆ ಎರಡು ದೊಡ್ಡ ಚಮಚ ಹೊಸದಾಗಿ ಸುರಿದುಕೊಂಡವನಿಗೆ ನಷ್ಟದ ಜತೆಗೆ ಇನ್ನೂರಐವತ್ತರ ಹತ್ತಿರ ಕ್ಯಾಲರಿಯೂ ಉಚಿತ. ಪಲ್ಯದ ಮೇಲೆ ಉದುರಿಸುವ ಒಂದು ಹಿಡಿ ಕಾಯಿತುರಿ ಈ ಜಗಳದ ಪಾತ್ರಧಾರಿಯೇ ಅಲ್ಲ. ಆದರೂ ಪಟ್ಟಿಯಲ್ಲಿ ಮೊದಲು ಕಾಟು ಬೀಳುವುದು ಅದಕ್ಕೇ.

ಸಿರಿಧಾನ್ಯದ್ದೂ ಇದೇ ಕಥೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿದ ಮೇಲೆ ನವಣೆ, ಸಾಮೆ, ಹಾರಕಗಳು ಕಿರಾಣಿ ಅಂಗಡಿಯ ಮುಂದಿನ ಸಾಲಿಗೆ ಬಂದವು. ಅದು ರೈತರ ದೃಷ್ಟಿಯಿಂದ, ನೀರಿನ ದೃಷ್ಟಿಯಿಂದ ಸಂತೋಷದ ಸಂಗತಿಯೇ. ಆದರೆ ಸಕ್ಕರೆ ಕಾಯಿಲೆಯವರಿಗೆ ‘ರಾಗಿ ಎಷ್ಟು ತಿಂದರೂ ಪರವಾಗಿಲ್ಲ’ ಎಂದವರು ಯಾರೋ ಗೊತ್ತಿಲ್ಲ. ನೂರು ಗ್ರಾಂ ರಾಗಿಯಲ್ಲಿ ಪಿಷ್ಟಾದಿ ಕಾರ್ಬೊಹೈಡ್ರೇಟ್ 67 ಗ್ರಾಂ ಹತ್ತಿರ, ನಾರು 11 ಗ್ರಾಂ. ಅಕ್ಕಿಗಿಂತ ಉತ್ತಮ, ಸೌತೆಕಾಯಿಯಂತೂ ಅಲ್ಲ. ನುಣ್ಣಗೆ ಬೀಸಿ ಕಾಸಿದ ಅಂಬಲಿ ಅಥವಾ ಬೆಲ್ಲ ಹಾಕಿದ ಮಾಲ್ಟ್ ರಕ್ತಕ್ಕೆ ಸಕ್ಕರೆ ತಲುಪಿಸುವ ವೇಗ ಮುದ್ದೆಗಿಂತ ಬೇರೆ. ದೇಶದಾದ್ಯಂತ ನಡೆದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಐಸಿಎಂಆರ್–ಇಂಡಿಯಾಬ್ ಅಧ್ಯಯನದ 2025ರ ವರದಿ ಇದನ್ನು ಸ್ಪಷ್ಟವಾಗಿಯೇ ಹೇಳಿತು: ಭಾರತೀಯರ ಕ್ಯಾಲರಿಯಲ್ಲಿ ಸುಮಾರು ಶೇ 62 ಕಾರ್ಬೊಹೈಡ್ರೇಟ್‌ನಿಂದ ಬರುತ್ತಿದೆ, ಒಟ್ಟು ಪ್ರಮಾಣ ಇಳಿಸದೆ ಬರೀ ಅಕ್ಕಿಯ ಜಾಗಕ್ಕೆ ಗೋಧಿ ಹಿಟ್ಟು ಅಥವಾ ಸಿರಿಧಾನ್ಯದ ಹಿಟ್ಟು ತಂದರೆ ಸಕ್ಕರೆ ಕಾಯಿಲೆಯ ಅಪಾಯ ತಗ್ಗಿದಂತೆ ಕಾಣಲಿಲ್ಲ, ಅದರ ಒಂದು ಪಾಲನ್ನು ಕಾಳು ಬೇಳೆ ಅಥವಾ ಹಾಲಿನ ಪ್ರೋಟೀನ್‌ಗೆ ಬಿಟ್ಟುಕೊಟ್ಟಾಗ ತಗ್ಗಿತು. ಹಾಗೆ ನೋಡಿದರೆ ವೈದ್ಯರ ಪಟ್ಟಿಯ ‘ಮುದ್ದೆ ಧಾರಾಳ’ಕ್ಕಿಂತ ಜಿಮ್ ತರಬೇತುದಾರನ ‘ಎರಡೂ ಒಂದೇ’ ಸತ್ಯಕ್ಕೆ ಹೆಚ್ಚು ಹತ್ತಿರವಿತ್ತು. ಇದನ್ನು ಒಪ್ಪಿಕೊಳ್ಳಲು ನನಗೆ ಸ್ವಲ್ಪ ಕಷ್ಟವಾಯಿತು.

ಅದೇ ತರಬೇತುದಾರನ ನೂರು ಗ್ರಾಂ ಪ್ರೋಟೀನ್ ಎಲ್ಲಿಂದ ಬಂತು? ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2020ರಲ್ಲಿ ಹೇಳಿದ್ದು ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ, ಊಟ ಮುಖ್ಯವಾಗಿ ಧಾನ್ಯದ್ದಾದರೆ ಅದು 1 ಗ್ರಾಂ ಹತ್ತಿರ ಹೋಗುತ್ತದೆ. ಭಾರ ಎತ್ತಿ ಸ್ನಾಯು ಬೆಳೆಸುವವರ ಮೇಲಿನ ಅಧ್ಯಯನಗಳಲ್ಲಿ ಲಾಭ ಸುಮಾರು 1.6 ಗ್ರಾಂವರೆಗೆ ಕಂಡಿದೆ. 58 ಕಿಲೋ ತೂಗುವ ಅಮ್ಮನಿಗೆ 48ರಿಂದ 58 ಗ್ರಾಂ, 72 ಕಿಲೋ ತೂಗಿ ಬಾರ್ ಎತ್ತುವ ತಮ್ಮನಿಗೆ 115 ಗ್ರಾಂವರೆಗೆ. ಒಂದು ‘ಕೊರತೆಯಾಗದಿರಲು ಎಷ್ಟು’ ಎಂಬುದಕ್ಕೆ ಉತ್ತರ, ಇನ್ನೊಂದು ‘ತೋಳು ದಪ್ಪವಾಗಲು ಎಷ್ಟು’ ಎಂಬುದಕ್ಕೆ. ಎರಡೂ ಒಂದೇ ಫ್ರಿಜ್‌ಗೆ ಅಂಟಿಕೊಂಡದ್ದರಿಂದ ವಿರೋಧ ಕಂಡಿತು, ಅಷ್ಟೇ.

ನಿಜವಾದ ತೊಂದರೆ ಸಂಖ್ಯೆಯಲ್ಲಿರಲಿಲ್ಲ, ಪಾತ್ರೆಯಲ್ಲಿತ್ತು. ಒಂದು ಭಾನುವಾರ ಕುತೂಹಲಕ್ಕೆ ಅಡುಗೆಮನೆಯ ತಕ್ಕಡಿಯಲ್ಲಿ, ಸಾರಿಗೆಂದು ಅಮ್ಮ ಡಬ್ಬಿಯಿಂದ ಅಳೆದು ತೆಗೆದ ತೊಗರಿಬೇಳೆಯನ್ನು ತೂಗಿದೆ. ನಾಲ್ವರಿಗೆ 60 ಗ್ರಾಂ. ತಲೆಗೆ 15 ಗ್ರಾಂ ಬೇಳೆ, ಅಂದರೆ ಮೂರು ಗ್ರಾಂ ಚಿಲ್ಲರೆ ಪ್ರೋಟೀನ್. ಅದರಲ್ಲೂ ತಳದಲ್ಲಿ ಕೂತ ಗಟ್ಟಿ ಯಾರ ಸೌಟಿಗೆ ಬರುತ್ತದೆ ಎಂಬುದು ಅವರವರ ಅದೃಷ್ಟ, ಕೊನೆಗೆ ಊಟಕ್ಕೆ ಕೂರುವ ಅಮ್ಮನಿಗೆ ಬರುತ್ತಿದ್ದುದು ಯಾವುದೆಂದು ಹೇಳಬೇಕಿಲ್ಲ. ಎರಡು ಹೊತ್ತು ಸೇರಿ 30 ಗ್ರಾಂ. ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ ಎರಡು ಸಾವಿರ ಕ್ಯಾಲರಿಯ ಮಾದರಿ ತಟ್ಟೆಯಲ್ಲಿ ಬೇಳೆ ಕಾಳಿಗಿಟ್ಟ ಪಾಲು ದಿನಕ್ಕೆ 85 ಗ್ರಾಂ, ಹಾಲು ಮೊಸರಿಗೆ 300 ಮಿಲಿಲೀಟರ್. ಆ ತಟ್ಟೆಯನ್ನು ಧಾನ್ಯ, ಕಾಳು, ಹಾಲು, ಒಂದು ಹಿಡಿ ಶೇಂಗಾ ಎಂದು ಕೂಡಿಸುತ್ತ ಹೋದರೆ 55 ಗ್ರಾಂ ದಾಟುತ್ತದೆ, ಯಾವ ಪುಡಿ ಡಬ್ಬಿಯೂ ಬೇಕಾಗುವುದಿಲ್ಲ. ‘ನಾವು ದಿನಾ ಬೇಳೆ ತಿನ್ನುತ್ತೇವೆ’ ಎಂಬ ನಮ್ಮ ನಂಬಿಕೆ ಸುಳ್ಳಲ್ಲ. ಬೇಳೆಯ ಪರಿಮಳವನ್ನು ದಿನಾ ತಿನ್ನುತ್ತಿದ್ದೆವು.

ಧಾನ್ಯ ಮತ್ತು ಕಾಳು ಒಂದೇ ಊಟದಲ್ಲಿ ಕೂಡಬೇಕೇ ಎಂಬ ಹಳೆಯ ಚರ್ಚೆಯೂ ಇದೆ. ಪ್ರೋಟೀನ್ ಕಟ್ಟುವ ಅಮೈನೊ ಆಮ್ಲಗಳಲ್ಲಿ ಲೈಸಿನ್ ಎಂಬುದು ಅಕ್ಕಿ ರಾಗಿಗಳಲ್ಲಿ ಕಡಿಮೆ, ಕಾಳುಗಳಲ್ಲಿ ಅದು ಹೆಚ್ಚಿದ್ದು ಮೆಥಿಯೊನಿನ್ ಎಂಬುದು ಕಡಿಮೆ. ದಿನವಿಡೀ ಎರಡೂ ಹೊಟ್ಟೆ ಸೇರಿದರೆ ಸಾಕು, ತುತ್ತು ತುತ್ತಿಗೂ ಲೆಕ್ಕ ಬೇಡ ಎಂಬುದು ಇಂದಿನ ತಿಳಿವಳಿಕೆ. ಬಿಸಿಬೇಳೆಬಾತ್ ಉಣ್ಣುವವರಿಗೆ ಈ ಪ್ರಶ್ನೆಯೇ ಹುಟ್ಟದು. ಲೈಸಿನ್ ಎಷ್ಟು ಬೇಕೆಂಬುದರಲ್ಲಿ ನಮ್ಮ ಬೆಂಗಳೂರಿನದೊಂದು ಪಾತ್ರವಿದೆ. ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯ ಅನುರ ಕುರ್ಪಾಡ್ ಮತ್ತು ಸಂಗಡಿಗರು ಭಾರತೀಯರ ಮೇಲೆ ನಡೆಸಿದ ಅಳತೆಗಳು ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 30 ಮಿಲಿಗ್ರಾಂ ಸುತ್ತಮುತ್ತ ಬಂದವು. 1985ರ ಅಂತಾರಾಷ್ಟ್ರೀಯ ಮಾನದಂಡ ಹೇಳಿದ್ದು 12. ಅಂತಾರಾಷ್ಟ್ರೀಯ ಮಾನದಂಡ 2007ರಲ್ಲಿ ಬದಲಾಯಿತು. ಅದೇ ಸಂಸ್ಥೆಯ ಇನ್ನೊಂದು ಕೆಲಸದಲ್ಲಿ ಹೆಸರುಕಾಳಿನ ಸಿಪ್ಪೆ ತೆಗೆದಾಗ ಅದರ ಪ್ರೋಟೀನ್ ಜೀರ್ಣವಾಗುವ ಪ್ರಮಾಣ ಸುಮಾರು ಶೇ 10ರಷ್ಟು ಹೆಚ್ಚಿತು. ನಾರಿನ ದೃಷ್ಟಿಯಿಂದ ಇಡೀ ಕಾಳು ಮೇಲು, ಪ್ರೋಟೀನ್ ದಕ್ಕುವ ದೃಷ್ಟಿಯಿಂದ ತೊವ್ವೆ ಮೇಲು. ಹಲ್ಲಿಲ್ಲದ ಅಜ್ಜನಿಗೂ ಹೊಟ್ಟೆ ಕರಗಿಸಹೊರಟ ಮೊಮ್ಮಗನಿಗೂ ಒಂದೇ ಉತ್ತರ ಕೊಡಬೇಕೆಂದು ಯಾರು ಹೇಳಿದರು?

ಕಬ್ಬಿಣಾಂಶದ ಮಾತಿನಲ್ಲಿ ಸಂಖ್ಯೆಗಳು ಇನ್ನೂ ಹೆದರಿಸುತ್ತವೆ. ವಯಸ್ಕ ಮಹಿಳೆಗೆ ಅಮೆರಿಕ ದಿನಕ್ಕೆ 18 ಮಿಲಿಗ್ರಾಂ ಎನ್ನುತ್ತದೆ, ನಮ್ಮ 2020ರ ಪಟ್ಟಿ 29 ಎನ್ನುತ್ತದೆ. ಆದರೆ ಅಮೆರಿಕದ ಅದೇ ಶಿಫಾರಸಿನಲ್ಲಿ ಸಸ್ಯಾಹಾರಿಗಳು 1.8 ಪಟ್ಟು ತೆಗೆದುಕೊಳ್ಳಬೇಕೆಂಬ ಸಾಲೂ ಇದೆ, ಗುಣಿಸಿದರೆ 32. ಸಸ್ಯಮೂಲದ ಕಬ್ಬಿಣ ಕಡಿಮೆ ಹೀರಿಕೆಯಾಗುತ್ತದೆ ಎಂಬ ಒಂದೇ ಸಂಗತಿಯನ್ನು ನಾವು ಮೊದಲೇ ಸೇರಿಸಿ ಹೇಳಿದ್ದೇವೆ, ಅವರು ಆಮೇಲೆ ಸೇರಿಸಿದ್ದಾರೆ. (ಪಾಲಕ್ ಸೊಪ್ಪಿನ ಕಬ್ಬಿಣಾಂಶ ಹತ್ತು ಪಟ್ಟು ಹೆಚ್ಚಾಗಿ ಕಂಡದ್ದು ದಶಮಾಂಶ ಚುಕ್ಕೆ ತಪ್ಪಿದ್ದರಿಂದ ಎಂಬ ಪ್ರಸಿದ್ಧ ಕಥೆಗೂ ಹುಡುಕಿದಾಗ ಆಧಾರ ಸಿಗಲಿಲ್ಲವಂತೆ, ಮೂಢನಂಬಿಕೆಯನ್ನು ಬಯಲಿಗೆಳೆದ ಕಥೆಯೇ ಇನ್ನೊಂದು ಮೂಢನಂಬಿಕೆ.) ಹೀರಿಕೆಯನ್ನು ಏರಿಸಲು ಹುಳಿ ಬೇಕು. ಕೋಸಂಬರಿಗೆ ನಿಂಬೆ ಹಿಂಡಿದ ಅಜ್ಜಿಗೆ ವಿಟಮಿನ್ ಸಿ ಗೊತ್ತಿರಲಿಲ್ಲ, ಆದರೆ ಕೆಲಸ ಸರಿಯಾಗಿಯೇ ಆಗುತ್ತಿತ್ತು. ಅದೇ ಅಜ್ಜಿ ಊಟ ಮುಗಿಸಿ ಎದ್ದ ಕೂಡಲೆ ಕಾಫಿ ಕುಡಿದು ಆ ಕೆಲಸವನ್ನು ಕೆಡಿಸಿಕೊಳ್ಳುತ್ತಿದ್ದರು. 1983ರ ಒಂದು ಪ್ರಯೋಗದಲ್ಲಿ ಊಟದ ಜತೆಗಿನ ಒಂದು ಕಪ್ ಕಾಫಿ ಕಬ್ಬಿಣದ ಹೀರಿಕೆಯನ್ನು ಶೇ 39ರಷ್ಟು, ಚಹಾ ಶೇ 64ರಷ್ಟು ತಗ್ಗಿಸಿತು. ಒಂದು ಗಂಟೆ ಮೊದಲು ಕುಡಿದ ಕಾಫಿ ಏನೂ ಮಾಡಲಿಲ್ಲ. ಒಂದು ಗಂಟೆ ನಂತರ ಕುಡಿದದ್ದು ಊಟದ ಜತೆ ಕುಡಿದಷ್ಟೇ ಕೆಡಿಸಿತು. ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ 2024ರ ಮಾರ್ಗಸೂಚಿ ಊಟಕ್ಕೆ ಮೊದಲೂ ನಂತರವೂ ಒಂದು ಗಂಟೆ ಅಂತರವಿರಲಿ ಎನ್ನುತ್ತದೆ. ಆ ಪ್ರಯೋಗದ ಊಟ ಹ್ಯಾಂಬರ್ಗರ್ ಆಗಿತ್ತು, ನಮ್ಮದು ಸೊಪ್ಪಿನ ಹುಳಿ. ಹಾಗಾಗಿ ಗಂಟೆಯ ಲೆಕ್ಕಕ್ಕೆ ಜೋತು ಬೀಳದೆ, ಊಟದ ಕಾಫಿಯನ್ನು ಸಂಜೆಗೆ ಸರಿಸುವುದು ನನಗೆ ಸುಲಭದ ತೀರ್ಮಾನವಾಗಿ ಕಂಡಿತು.

ಉಳಿದವನ್ನು ಬೇಗ ಮುಗಿಸಬಹುದು. ಸೋಯಾ ತಿಂದರೆ ಗಂಡಸುತನಕ್ಕೆ ಕುತ್ತು ಎಂಬುದನ್ನು ಮನುಷ್ಯರ ಮೇಲಿನ ಅಧ್ಯಯನಗಳು ಸಮರ್ಥಿಸುವುದಿಲ್ಲ. ಥೈರಾಯ್ಡ್ ಮಾತ್ರೆ ನುಂಗುವವರು ಅದಕ್ಕೂ ಸೋಯಾಕ್ಕೂ ಕೆಲವು ಗಂಟೆ ಅಂತರವಿಟ್ಟುಕೊಂಡರೆ ಸಾಕು. ಉತ್ತರ ಕರ್ನಾಟಕದ ಅಗಸಿ ಹಿಂಡಿಯಲ್ಲಿ ಸಸ್ಯಮೂಲದ ಒಮೇಗಾ–3 ಹೇರಳ. ಬೀಜವನ್ನು ಪುಡಿ ಮಾಡಿದರೆ ಮಾತ್ರ ಅದು ದಕ್ಕುತ್ತದೆ, ಮೀನಿನಲ್ಲಿರುವ ಬಗೆಗೆ ದೇಹ ಅದನ್ನು ಬದಲಿಸಿಕೊಳ್ಳುವುದು ತೀರಾ ಸ್ವಲ್ಪ. ಕ್ಯಾಲ್ಸಿಯಂ ಅಗತ್ಯವನ್ನು ನಮ್ಮದೇ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2010ರಲ್ಲಿ 600 ಮಿಲಿಗ್ರಾಂ ಎಂದು, 2020ರಲ್ಲಿ 1000 ಎಂದು ಹೇಳಿತು. ಹಾಲು ಬಿಟ್ಟವರಿಗೆ ನೂರು ಗ್ರಾಂ ರಾಗಿಯ 364 ಮಿಲಿಗ್ರಾಂ ದೊಡ್ಡ ಆಸರೆ, ಪೂರ್ತಿ ಪರಿಹಾರವಲ್ಲ.

ಗೊಂದಲಕ್ಕೆ ಮಾರುಕಟ್ಟೆಯನ್ನಷ್ಟೇ ದೂರುವುದು ನ್ಯಾಯವಲ್ಲ, ಪಕ್ಷ ಕಟ್ಟಿಕೊಂಡ ನಮ್ಮದೂ ಪಾಲಿದೆ. 2021ರಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳ ಬಿಸಿಯೂಟದಲ್ಲಿ ಮೊಟ್ಟೆ ಶುರುವಾದಾಗ ನಡೆದ ವಾಗ್ವಾದವನ್ನು ನೆನಪಿಸಿಕೊಳ್ಳಿ. ಸಸ್ಯಾಹಾರದ ಪರ ನಿಂತವರು ಮೊಟ್ಟೆಯಲ್ಲಿರುವುದೆಲ್ಲ ಬಾಳೆಹಣ್ಣು, ಚಿಕ್ಕಿಯಲ್ಲೂ ಇದೆ ಎಂದರು. ಒಂದು ಮೊಟ್ಟೆಯಲ್ಲಿ ಸುಮಾರು ಆರು ಗ್ರಾಂ ಪ್ರೋಟೀನ್ ಮತ್ತು ಅರ್ಧ ಮೈಕ್ರೋಗ್ರಾಂ ಬಿ12 ಇದೆ, ಬಾಳೆಹಣ್ಣಿನಲ್ಲಿ ಒಂದು ಗ್ರಾಂ ಪ್ರೋಟೀನ್, ಬಿ12 ಸೊನ್ನೆ. ಎದುರು ಪಕ್ಷದ ಕೆಲವರು ಸಸ್ಯಾಹಾರವೆಂದರೆ ಅಪೌಷ್ಟಿಕತೆಯೇ ಎಂದರು, ಅದೂ ಸುಳ್ಳು. ಮಕ್ಕಳ ತಟ್ಟೆಯ ಪ್ರಶ್ನೆ ಧರ್ಮದ, ಜಾತಿಯ ಪ್ರಶ್ನೆಯಾದಾಗ ‘ನಮ್ಮ ಊಟದಲ್ಲಿ ಇದೊಂದು ಕೊರತೆ ಇದೆ, ಅದಕ್ಕೆ ಐದು ರೂಪಾಯಿಯ ಉಪಾಯವೂ ಇದೆ’ ಎಂದು ಸರಳವಾಗಿ ಹೇಳುವುದು ಸೋತಂತೆ ಕಾಣುತ್ತದೆ. ಬಲವರ್ಧಿತ ಅಕ್ಕಿ ಪಡಿತರಕ್ಕೆ ಬಂದಾಗಲೂ ಇದೇ ಆಯಿತು: ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿ ಮಾಡಿದ ಕಾಳನ್ನು ನೂರಕ್ಕೆ ಒಂದರಂತೆ ಬೆರೆಸಿದ್ದನ್ನು ಎಷ್ಟೋ ಮನೆಗಳಲ್ಲಿ ‘ಪ್ಲಾಸ್ಟಿಕ್ ಅಕ್ಕಿ’ ಎಂದು ಆರಿಸಿ ಎಸೆದರು. ಎಲ್ಲರಿಗೂ ಕಬ್ಬಿಣ ಬೆರೆಸಿ ಉಣಿಸುವುದು ಸರಿಯೇ ಎಂಬ ಬಗ್ಗೆ ತಜ್ಞರಲ್ಲಿ ಗಂಭೀರ ಭಿನ್ನಾಭಿಪ್ರಾಯವಿದೆ. ಆದರೆ ಮೊರದಲ್ಲಿ ಆರಿಸುತ್ತಿದ್ದವರಿಗೆ ಆ ವಾದ ತಲುಪಿರಲಿಲ್ಲ, ಪ್ಲಾಸ್ಟಿಕ್‌ನ ಭಯ ಮಾತ್ರ ತಲುಪಿತ್ತು.

ಈಗ ನಮ್ಮ ಫ್ರಿಜ್ ಬಾಗಿಲಲ್ಲಿ ಇರುವುದು ಒಂದೇ ಚೀಟಿ, ಅಮ್ಮನೇ ಬರೆದದ್ದು: ಭಾನುವಾರ, ಬುಧವಾರ, ಮಾತ್ರೆ. ಚುಚ್ಚುಮದ್ದುಗಳು ಮುಗಿದ ಮೇಲೆ ಮಾಡಿಸಿದ ಪರೀಕ್ಷೆಯಲ್ಲಿ ಬಿ12 410 ಬಂತು. ಎಡಗಾಲಿನ ಜುಮುಗುಡಿಕೆ ಹೋಗಿದೆ, ಬಲಗಾಲಿನ ಎರಡು ಬೆರಳುಗಳಲ್ಲಿ ಇನ್ನೂ ಇದೆ. ಅದು ಹೋಗಲೂಬಹುದು, ಉಳಿಯಲೂಬಹುದು ಎಂದಿದ್ದಾರೆ ವೈದ್ಯರು. ಸಾರಿಗೆ ಬೇಳೆ ಈಗ 120 ಗ್ರಾಂ ಬೀಳುತ್ತದೆ, ಸಾರು ಹುಳಿಯಂತಾಗಿದೆ ಎಂದು ಅಪ್ಪನ ದೂರು. ಮುದ್ದೆ ಇದೆ, ಗಾತ್ರ ಇಳಿದಿದೆ. ಹುರುಳಿಕಾಯಿ ಪಲ್ಯದ ಮೇಲೆ ಅಮ್ಮ ಮತ್ತೆ ಕಾಯಿ ತುರಿಯುತ್ತಿದ್ದಾರೆ, ಮೊದಲಿನ ಅರ್ಧ ಹೋಳಿನ ಬದಲಿಗೆ ಕಾಲು ಹೋಳು.